ರಿಹಾನಾ ಹಾಡುಗಳಲ್ಲಿ ರೆಗೆ ಯಾವುದು, ಡ್ಯಾನ್ಸ್‌ಹಾಲ್ ಯಾವುದು ಎಂದು ಗುರುತಿಸುವುದು ಹೇಗೆ?

ಡ್ರಮ್ಮಿನ ಪೆಟ್ಟು ಎಲ್ಲಿ ಬೀಳುತ್ತದೆ ಎಂದು ಗಮನಿಸಿ. ಎರಡೂ ಜಮೈಕಾದ ಶೈಲಿಗಳು; ರಿಹಾನಾ ಹುಟ್ಟಿ ಬೆಳೆದದ್ದು ಕೆರಿಬಿಯನ್ನಿನದೇ ಇನ್ನೊಂದು ದ್ವೀಪ ಬಾರ್ಬಡೋಸ್‌ನಲ್ಲಿ.

ಸಾಮಾನ್ಯ ಪಾಪ್‌ನಲ್ಲಿ ನಾಲ್ಕೆಣಿಕೆಯ ಮೊದಲನೆಯದಕ್ಕೇ ದಪ್ಪ ಪೆಟ್ಟು. ರೆಗೆಯ ‘ಒನ್ ಡ್ರಾಪ್’ ನಡೆಯಲ್ಲಿ ಆ ಜಾಗ ಖಾಲಿ. ಭಾರ ಬೀಳುವುದು ಮೂರನೆಯದರ ಮೇಲೆ. ಗಿಟಾರ್ ಎರಡನೆಯ, ನಾಲ್ಕನೆಯ ಎಣಿಕೆಗೆ ಚುಟುಕಾಗಿ ಮಿಡಿಯುತ್ತದೆ. ‘ಮ್ಯಾನ್ ಡೌನ್’ ಈ ರೆಗೆ ಜಾಡಿನದು.

ಡ್ಯಾನ್ಸ್‌ಹಾಲ್‌ನ ಮೂಲ ಲೆಕ್ಕ 3+3+2. ಅಂದರೆ ನಮ್ಮ ‘ತಕಿಟ ತಕಿಟ ತಕ’. ಎರಡು ಎಣಿಕೆಯೊಳಗೆ ಇದನ್ನು ಒಮ್ಮೆ ಹೇಳಿ, ಪ್ರತಿ ‘ತ’ಕ್ಕೆ, ಅಂದರೆ ಪದದ ಮೊದಲಕ್ಷರಕ್ಕೆ ಮಾತ್ರ, ಚಪ್ಪಾಳೆ ತಟ್ಟಿ. ಮೊದಲನೆಯದು ಎಣಿಕೆಯ ಮೇಲೆ ಬಿದ್ದು, ಉಳಿದೆರಡು ಜಾರುತ್ತವೆ. ಸೊಂಟ ತೂಗಿಸುವುದು ಆ ಜಾರುವಿಕೆಯೇ. ಸಮ ಎಣಿಕೆಗೇ ತಟ್ಟುತ್ತಾ ಹೋದರೆ ಇದು ಕಿವಿಗೆ ಸಿಗುವುದಿಲ್ಲ.

2016ರ ‘ವರ್ಕ್’ ಈ ಡ್ಯಾನ್ಸ್‌ಹಾಲ್ ಜಾಡಿನ ಹಾಡು. ಅದರಲ್ಲಿ ಮಾತೂ ತಾಳದಂತೆಯೇ. ಹಲವರು ಆ ಮಾತನ್ನು ಅರ್ಥವಿಲ್ಲದ ತೊದಲು ಎಂದರು, ಅದು ತಪ್ಪು. ಅದು ಕೆರಿಬಿಯನ್ ಆಡುನುಡಿ. ಪದಗಳ ಕೊನೆ ಕತ್ತರಿಸಿರುವುದರಿಂದ ದನಿಯೇ ಇನ್ನೊಂದು ತಾಳವಾದ್ಯದಂತೆ ಕೇಳುತ್ತದೆ.