ಎರಡೂ ಬದಿ ಫ್ಲಾನೆಲ್ ಇರುವ ರಜಾಯಿ

ಪ್ರಶ್ನೆ: ಮಗಳ ಮಂಚಕ್ಕೆ ಎರಡೂ ಬದಿ ಫ್ಲಾನೆಲ್ ಇರುವ ರಜಾಯಿ ಹೊಲಿಯಬೇಕು ಅಂತ ಚಿಕ್ಕಪೇಟೆಯಿಂದ ಬಟ್ಟೆ ತಂದಿದ್ದೇನೆ. ನಡುವೆ ಹತ್ತಿ ಹಾಕಲೇಬೇಕಾ ಮೇಡಂ? ಎಷ್ಟು ಹುಷಾರಾಗಿ ಹೊಲಿದರೂ ಮೇಲಿನ ಬಟ್ಟೆ ಸರಿದು ಸುಕ್ಕಾಗುತ್ತದೆ.
– ಓದುಗರು, ಬಸವನಗುಡಿ

ಉತ್ತರ: ಮೊದಲು ಬಟ್ಟೆ ಒಗೆದು ಒಣಗಿಸಿ, ಆಮೇಲೆ ಕತ್ತರಿ ಹಿಡಿಯಿರಿ. ಕಾಟನ್ ಫ್ಲಾನೆಲ್ ಮಾಮೂಲಿ ಕಾಟನ್‌ಗಿಂತ ಜಾಸ್ತಿ ಕುಗ್ಗುತ್ತದೆ.

ಹತ್ತಿ ಬೇಡ. ನಮ್ಮ ಬೆಂಗಳೂರಿನ ಡಿಸೆಂಬರ್ ಚಳಿಗೆ ಫ್ಲಾನೆಲ್‌ನ ಎರಡು ಪದರವೇ ಸಾಕು. ಇನ್ನೂ ಬೆಚ್ಚಗಿರಲಿ ಅನಿಸಿದರೆ ನಡುವೆ ಒಂದು ಹಳೆಯ ಕಾಟನ್ ಸೀರೆ ಹಾಸಿ. ನಮ್ಮ ಮನೆಯಲ್ಲಿ ನಾನು ಅಮ್ಮನ ಸೀರೆಯನ್ನೇ ಹಾಕಿದ್ದೇನೆ. ತೂಕ ಬರುವುದಿಲ್ಲ, ಒಗೆಯಲೂ ಸುಲಭ.

ಇನ್ನು ಸುಕ್ಕಿನ ವಿಷಯ. ಮಷೀನಿನ ಹಲ್ಲು ಕೆಳಗಿನ ಪದರವನ್ನು ಮುಂದಕ್ಕೆ ಎಳೆಯುತ್ತದೆ, ಮೇಲಿನ ಪದರ ಬಟ್ಟೆ ಒತ್ತಿಹಿಡಿಯುವ ಪಾದದಡಿ ತಡೆದು ಹಿಂದೆ ಉಳಿಯುತ್ತದೆ. ವಾಕಿಂಗ್ ಫೂಟ್ (ಮೇಲಿನ ಪದರವನ್ನೂ ಎಳೆಯುವ ಹಲ್ಲಿರುವ ಪಾದ) ಹಾಕಿದರೆ ಎರಡೂ ಒಟ್ಟಿಗೆ ಸಾಗುತ್ತವೆ. ಅದು ಇಲ್ಲದಿದ್ದರೆ ಪಾದದ ಒತ್ತಡ ಸ್ವಲ್ಪ ಕಮ್ಮಿ ಮಾಡಿ. ಬಟ್ಟೆಯನ್ನು ನೆಲದ ಮೇಲೆ ಹರಡಿ, ನಡುವಿನಿಂದ ಅಂಚಿನ ಕಡೆಗೆ ಗೇಣಿಗಿಂತ ಕಮ್ಮಿ ಅಂತರದಲ್ಲಿ ಸೇಫ್ಟಿ ಪಿನ್ ಚುಚ್ಚಿ. ಹೊಲಿಗೆಯನ್ನೂ ನಡುವಿನಿಂದಲೇ ಶುರು ಮಾಡಿ. 14ನೇ ನಂಬರ್ ಸೂಜಿ, 3 ಮಿ.ಮೀ. ಹೊಲಿಗೆ ಸರಿಹೋಗುತ್ತದೆ. ಫ್ಲಾನೆಲ್ ಅಂಚು ಬೇಗ ಎಳೆ ಬಿಡುತ್ತದೆ, ಜೋಡಿಸುವಾಗ ಅರ್ಧ ಇಂಚು ಬಿಡಿ.

ಬಾಬಿನ್ ಪೆಟ್ಟಿಗೆ ಆಗಾಗ ಬಿಚ್ಚಿ ನೋಡಿ. ಬಿಳಿ ನವಿರು ದೂಳು ಗಂಟುಗಟ್ಟಿರುತ್ತದೆ, ಸಣ್ಣ ಬ್ರಷ್‌ನಿಂದ ತೆಗೆಯಿರಿ. ಇಸ್ತ್ರಿಪೆಟ್ಟಿಗೆಯನ್ನು ಒತ್ತಿ ಎತ್ತಿ, ಎಳೆಯಬೇಡಿ. ಎಳೆದರೆ ಬಟ್ಟೆ ಸೊಟ್ಟಗಾಗುತ್ತದೆ.