ಉತ್ಖನನದಲ್ಲಿ ಸಿಕ್ಕ ಮಡಕೆ ಚೂರುಗಳ ಫೋಟೋ ಕೊಟ್ಟರೆ ಕಂಪ್ಯೂಟರ್ ಅವನ್ನು ಆಕಾರದ ಮೇಲೆ ವಿಂಗಡಿಸಬಲ್ಲದೇ?

ಬರೀ ಫೋಟೋದಿಂದ ಕಷ್ಟ. ಚೂರಿನ ಅಡ್ಡಸೀಳಿಕೆಯ ಗೆರೆ (ಮೇಲಿಂದ ಕೆಳಕ್ಕೆ ಸೀಳಿದರೆ ಕಾಣುವ ಆಕಾರ) ಕೊಟ್ಟರೆ ವಿಂಗಡಿಸುತ್ತದೆ, ಚೆನ್ನಾಗಿಯೇ. ಆದರೆ ಎಡವಟ್ಟಾಗುವುದು ಆ ಗೆರೆಯಲ್ಲೇ. ಕೆಲವು ವರ್ಷ ಚೂರುಗಳ ಚಿತ್ರ ಬರೆದು, ಆಮೇಲೆ ಅವನ್ನೇ ಪ್ರೋಗ್ರಾಮಿಗೆ ಉಣಿಸಿದ ಅನುಭವದಿಂದ ಹೇಳುತ್ತಿದ್ದೇನೆ.

ಚಕ್ರದ ಮೇಲೆ ತಿರುಗಿಸಿದ ಮಡಕೆ ಸುತ್ತಲೂ ಹೆಚ್ಚುಕಡಿಮೆ ಒಂದೇ ಥರ. ಬಾಯಂಚಿನಿಂದ ತಳದವರೆಗೆ ಸೀಳಿದಂತೆ ಒಂದು ಗೆರೆ ಎಳೆದರೆ ಇಡೀ ಆಕಾರ ಅದರಲ್ಲಿ ಬಂತು. ಆದರೆ ನಮಗೆ ಸಿಗುವುದು ಅಂಗೈಗಿಂತ ಚಿಕ್ಕ ಚೂರು. ಬಾಯಂಚನ್ನು ಮೇಜಿನ ಮೇಲೆ ಬೋರಲು ಹಾಕಿ, ಅಡಿಯಲ್ಲಿ ಬೆಳಕು ತೂರದ ಹಾಗೆ ಹೊರಳಿಸಿ, ಚೂರು ಮಡಕೆಯಲ್ಲಿ ಎಷ್ಟು ಓರೆಯಾಗಿತ್ತು ಎಂದು ಕಂಡುಕೊಳ್ಳಬೇಕು. ಅಲ್ಲಿ ನಾಲ್ಕೈದು ಡಿಗ್ರಿ ತಪ್ಪಿದರೆ ನೆಟ್ಟಗಿನ ಗೋಡೆಯ ಪಾತ್ರೆ ಬಾಯಿ ಕಡೆಗೆ ಅಗಲವಾಗುವ ಪಾತ್ರೆಯಂತೆ ಕಾಣಬಹುದು.

ವ್ಯಾಸದ ಕಥೆ ಇನ್ನೂ ನಾಜೂಕು. ಬಾಯಂಚಿನ ತುದಿಯಿಂದ ತುದಿಗೆ ನೇರ ಅಳತೆ 4 ಸೆಂ.ಮೀ., ಆ ನೇರ ಗೆರೆಯಿಂದ ನಡುವಿನ ಉಬ್ಬು 2 ಮಿ.ಮೀ. ಅಂದುಕೊಳ್ಳಿ. ಲೆಕ್ಕ ಹಾಕಿದರೆ ಬಾಯಿಯ ವ್ಯಾಸ ಸುಮಾರು 20 ಸೆಂ.ಮೀ. ಉಬ್ಬನ್ನು 2.5 ಮಿ.ಮೀ. ಎಂದು ಓದಿದರೆ ಅದೇ ಮಡಕೆ 16 ಸೆಂ.ಮೀ.ಗೆ ಇಳಿಯಿತು! ತುದಿ ಸವೆದ ಚೂರಿನಲ್ಲಿ ಅರ್ಧ ಮಿಲಿಮೀಟರ್ ಯಾವ ಲೆಕ್ಕ?

ತ್ರೀಡಿ ಸ್ಕ್ಯಾನರ್ ಬಂದ ಮೇಲೆ ಇದು ಸುಧಾರಿಸಿದೆ. ಮೇಲ್ಮೈಯ ಸಾವಿರಾರು ಬಿಂದುಗಳನ್ನು ಒಟ್ಟಿಗೆ ಇಟ್ಟುಕೊಂಡು ತಿರುಗು ಅಕ್ಷ, ಅಂದರೆ ಮಡಕೆ ಚಕ್ರದ ಮೇಲೆ ಯಾವ ನಡುಗೆರೆಯ ಸುತ್ತ ತಿರುಗಿತೋ ಅದನ್ನು, ಹುಡುಕುವುದರಿಂದ ಕೈಯ ನಡುಕ ತಪ್ಪುತ್ತದೆ. ತೀರಾ ಚಿಕ್ಕ ಚೂರಿಗೆ, ಚಕ್ರವಿಲ್ಲದೆ ಕೈಯಲ್ಲೇ ತಿದ್ದಿದ ಮಡಕೆಗೆ ಸ್ಕ್ಯಾನರೂ ತಡವರಿಸುತ್ತದೆ.

ಗೆರೆ ಸಿಕ್ಕ ಮೇಲೆ ಅದನ್ನು ಅಂಕಿ ಮಾಡಬೇಕು. 2004ರಲ್ಲಿ ಇಸ್ರೇಲಿನ ಸಂಶೋಧಕರಾದ ಗಿಲ್ಬೋವಾ, ಕರಾಸಿಕ್, ಶರೋನ್, ಸ್ಮಿಲಾನ್ಸ್ಕಿ ಪ್ರಕಟಿಸಿದ ದಾರಿ ನನಗೆ ಇಷ್ಟ: ಗೆರೆಯುದ್ದಕ್ಕೂ ನಡೆಯುತ್ತಾ ಪ್ರತಿ ಬಿಂದುವಿನಲ್ಲಿ ಅದು ಎಷ್ಟು ಬಾಗಿದೆ ಎಂದು ಬರೆದುಕೊಳ್ಳುವುದು, ಎರಡು ಚೂರುಗಳಿಗೆ ಹಾಗೆ ಬಂದ ವಕ್ರರೇಖೆಗಳ ಅಂತರ ಅಳೆಯುವುದು. ಬಾಗು ನೋಡಿದರೆ ಬಾಯಂಚಿನ ಸಣ್ಣ ಮಡಿಕೆಯೂ ಎದ್ದು ಕಾಣುತ್ತದೆ. ಅಕ್ಷದಿಂದ ಇರುವ ದೂರ ನೋಡಿದರೆ ಒಟ್ಟು ಗಾತ್ರ, ಹೊಟ್ಟೆಯ ಅಗಲ ಮುಂದೆ ಬರುತ್ತವೆ. ಯಾವುದಕ್ಕೆ ಬೆಲೆ ಕೊಡಬೇಕೆಂದು ಯಂತ್ರ ಹೇಳುವುದಿಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಗೆ ಇಂಗ್ಲಿಷ್ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ ಈಜಿಪ್ಟಿನ ಸಮಾಧಿಗಳ ಮಡಕೆಗಳನ್ನು ಕಾಲಕ್ರಮದಲ್ಲಿ ಜೋಡಿಸಿದಾಗ ಅವರ ಸುಳಿವಾಗಿದ್ದದ್ದು ಅಲೆಯಂತೆ ಬಾಗಿದ ಒಂದು ಹಿಡಿ: ಹಿಡಿಯಲು ಬರುತ್ತಿದ್ದದ್ದು ಸಣ್ಣದಾಗುತ್ತಾ ಕೊನೆಗೆ ಬರೀ ಅಲಂಕಾರದ ಗೆರೆಯಾಯಿತು. ಹಿಡಿ ಮಡಕೆಯ ಸುತ್ತಲೂ ಒಂದೇ ಥರ ಇರುವುದಿಲ್ಲವಲ್ಲ, ಅಡ್ಡಸೀಳಿಕೆಯ ಗೆರೆ ನೆಚ್ಚಿಕೊಂಡ ಪ್ರೋಗ್ರಾಂ ಅದನ್ನು ಬಿಟ್ಟೇಬಿಡಬಹುದು. ಮಣ್ಣಿನ ಬೆರಕೆ, ಸುಟ್ಟ ಬಗೆ ಹೇಗೂ ಆಕಾರದಲ್ಲಿ ಸಿಗುವುದಿಲ್ಲ.

ನನ್ನ ಪೆಚ್ಚಾಟವನ್ನೂ ಹೇಳಿಬಿಡುತ್ತೇನೆ. ಒಮ್ಮೆ ಬಟ್ಟಲುಗಳು ಅಚ್ಚುಕಟ್ಟಾಗಿ ಎರಡು ಗುಂಪಾದವು. ಎರಡು ಕುಂಬಾರ ಕೇರಿಗಳೇ ಇರಬೇಕೆಂದು ಎರಡು ದಿನ ಬೀಗಿದೆ. ಮೂರನೇ ದಿನ ಚಿತ್ರಗಳ ಮೂಲೆಯ ಸಹಿ ನೋಡಿದರೆ, ಒಂದು ಗುಂಪು ನಾನು ಬರೆದದ್ದು, ಇನ್ನೊಂದು ಸಹೋದ್ಯೋಗಿ ಬರೆದದ್ದು. ಅವರು ಚೂರನ್ನು ಸ್ವಲ್ಪ ಹೊರಕ್ಕೆ ವಾಲಿಸಿ ಹಿಡಿಯುತ್ತಿದ್ದರು, ಅಷ್ಟೇ.

ಅಂದಿನಿಂದ ಇಪ್ಪತ್ತು ಮೂವತ್ತು ಚೂರುಗಳನ್ನು ಇಬ್ಬರ ಕೈಯಲ್ಲಿ, ಒಬ್ಬರದ್ದು ಒಬ್ಬರು ನೋಡದಂತೆ, ಎರಡೆರಡು ಸಲ ಬರೆಸುತ್ತೇನೆ. ಒಂದೇ ಚೂರಿನ ನಾಲ್ಕು ಗೆರೆಗಳ ನಡುವೆ ಎಷ್ಟು ಅಂತರ ಬರುತ್ತದೋ, ಅದಕ್ಕಿಂತ ಸಣ್ಣ ವ್ಯತ್ಯಾಸದ ಮೇಲೆ ಗುಂಪು ಒಡೆಯುವುದಿಲ್ಲ. ನೀವೂ ಇದನ್ನು ಮೊದಲು ಮಾಡಿ, ಆಮೇಲೆ ಕೋಡ್ ಬರೆಯಲು ಕೂರಿ.