ವ್ಯಾನೇ ಮನೆ, ಹಿಮವೇ ದಾರಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಲಿಫ್ಟ್ ಇಲ್ಲದ, ಯಾರೂ ಹದಮಾಡದ ಬೆಟ್ಟವನ್ನು ಸ್ವಂತ ಕಾಲಲ್ಲಿ ಹತ್ತಿ ಸ್ಕೀ ಮೇಲೆ ಇಳಿದು ಬರುವುದೇ ಬ್ಯಾಕ್‌ಕಂಟ್ರಿ ಸ್ಕೀಯಿಂಗ್. ಅದಕ್ಕಾಗಿ ಚಳಿಗಾಲದಲ್ಲಿ ಕ್ಯಾಂಪರ್ ವ್ಯಾನ್ ಹತ್ತಿ ಹೊರಡುವವರ ಪತ್ರಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಬರೆದವರಲ್ಲಿ ಹೆಚ್ಚಿನವರು ಕೆನಡಾದ ರಾಜರ್ಸ್ ಪಾಸ್ ಎಂಬ ಘಟ್ಟದ ಕಡೆಗೆ ಹೊರಟವರು.

ಪ್ರಶ್ನೆ: ನಮ್ಮ ವ್ಯಾನಿನಲ್ಲಿ 100 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯೂ 2 ಕಿಲೋವ್ಯಾಟ್ ಡೀಸೆಲ್ ಹೀಟರೂ ಇವೆ. ಮೈನಸ್ 18 ಡಿಗ್ರಿಯ ರಾತ್ರಿ ಹೀಟರ್ ಬಿಳಿ ಹೊಗೆ ಉಗುಳಿ ನಿಂತುಬಿಟ್ಟಿತು. ಬೆಳಿಗ್ಗೆ ಎಂಜಿನ್ ಓಡಿಸಿದರೂ ಬ್ಯಾಟರಿ ಚಾರ್ಜ್ ಆಗಲಿಲ್ಲ. ಎರಡೂ ಹಾಳಾದವೇ? (ಕ್ಯಾಲ್ಗರಿ)

ಉತ್ತರ: ಬ್ಯಾಟರಿ ಹಾಳಾಗಿಲ್ಲ, ತನ್ನನ್ನು ತಾನು ಕಾಪಾಡಿಕೊಂಡಿದೆ. ಈ ಬಗೆಯ ಬ್ಯಾಟರಿಯಿಂದ ಮೈನಸ್ 20ರವರೆಗೂ ಕರೆಂಟ್ ತೆಗೆಯಬಹುದು, ಆದರೆ ಸೆಲ್ ಸೊನ್ನೆಗಿಂತ ತಣ್ಣಗಿರುವಾಗ ಚಾರ್ಜ್ ತುಂಬಿಸಬಾರದು. ತುಂಬಿಸಿದರೆ ಲಿಥಿಯಂ ಒಳಕ್ಕೆ ಇಳಿಯದೆ ಆನೋಡಿನ (ಸೆಲ್ಲಿನ ಋಣ ತುದಿ) ಮೇಲೆ ಲೋಹವಾಗಿ ಕಟ್ಟಿಕೊಳ್ಳುತ್ತದೆ, ಆ ನಷ್ಟ ಮತ್ತೆ ಸರಿಹೋಗುವುದಿಲ್ಲ. ಅದಕ್ಕೇ ಒಳಗಿನ ನಿಯಂತ್ರಣ ಬೋರ್ಡು ಚಾರ್ಜನ್ನು ಕಡಿದುಹಾಕಿದೆ. ಕೆಲವು ಅಗ್ಗದ ಬ್ಯಾಟರಿಗಳಲ್ಲಿ ಈ ಕಾವಲೇ ಇರುವುದಿಲ್ಲ, ನಿಮ್ಮದರಲ್ಲಿ ಇದ್ದದ್ದು ಒಳ್ಳೆಯದಾಯಿತು.

ಬ್ಯಾಟರಿ ವ್ಯಾನಿನ ಅಡಿಯಲ್ಲೋ ಹಿಂಬಾಗಿಲ ಬಳಿಯೋ ಇದ್ದರೆ ಹೀಟರಿನ ಬಿಸಿಗಾಳಿ ಓಡಾಡುವ ಮಂಚದ ಕೆಳಗೆ ತನ್ನಿ. ಅದಾಗದಿದ್ದರೆ ಬ್ಯಾಟರಿ ತಳಕ್ಕೆ ಥರ್ಮೋಸ್ಟಾಟ್ ಇರುವ 12 ವೋಲ್ಟ್ ಹೀಟಿಂಗ್ ಪ್ಯಾಡ್ ಹಾಕಿಸಿ. ಬೆಳಿಗ್ಗೆ ಮೊದಲು ಒಳಗಡೆ ಬಿಸಿಯಾಗಲಿ, ಎಂಜಿನ್ನಿನಿಂದ ಚಾರ್ಜ್ ಮಾಡುವುದು ಆಮೇಲೆ.

ಇನ್ನು ಹೀಟರು. ಬಿಳಿ ಹೊಗೆ ಎಂದರೆ ಡೀಸೆಲ್ ಆವಿಯಾಗಿದೆ, ಉರಿದಿಲ್ಲ. ಮೊದಲು ವೋಲ್ಟೇಜ್ ನೋಡಿ. ಹೊತ್ತಿಕೊಳ್ಳುವ ಮೊದಲ ಕೆಲವು ನಿಮಿಷ, ಡೀಸೆಲ್ ಹೊತ್ತಿಸಲು ಬಿಸಿಯಾಗುವ ಗ್ಲೋ ಪ್ಲಗ್ 8–10 ಆಂಪಿಯರ್ ಎಳೆಯುತ್ತದೆ. ತೆಳ್ಳಗಿನ, ಉದ್ದದ ವೈರಿನಲ್ಲಿ ಅಷ್ಟು ಕರೆಂಟ್ ಹರಿದರೆ ಹೀಟರಿನ ತುದಿಯಲ್ಲಿ ವೋಲ್ಟೇಜ್ ಕುಸಿದು ಗ್ಲೋ ಪ್ಲಗ್ ಬಿಸಿಯಾಗುವುದಿಲ್ಲ. ಹೊತ್ತಿಸುವಾಗಲೇ ಹೀಟರಿಗೆ ವೈರ್ ಸೇರುವ ಜಾಗಕ್ಕೆ ಮೀಟರ್ ಹಿಡಿದು ಅಳೆಯಿರಿ, ಬ್ಯಾಟರಿಯ ಬಳಿ ಅಳೆದರೆ ದೋಷ ಗೊತ್ತಾಗುವುದಿಲ್ಲ. ಎರಡನೆಯದು ಡೀಸೆಲ್. ಬೇಸಿಗೆಯಲ್ಲಿ ತುಂಬಿಸಿದ ಡೀಸೆಲ್ ಟ್ಯಾಂಕಿನಲ್ಲಿ ಉಳಿದಿದ್ದರೆ ಚಳಿಗೆ ಅದರೊಳಗಿನ ಮೇಣ ಹರಳುಗಟ್ಟಿ ಫಿಲ್ಟರನ್ನು ಕಟ್ಟುತ್ತದೆ. ಗಟ್ಟಿಯಾಗದಂತೆ ತಡೆಯುವ ಆಂಟಿ-ಜೆಲ್ ದ್ರಾವಣವನ್ನು ಮೊದಲೇ ಬೆರೆಸಬೇಕು, ಹರಳುಗಟ್ಟಿದ ಮೇಲೆ ಸುರಿದರೆ ಕೆಲಸ ಮಾಡದು. ಹಳೆಯ ಡೀಸೆಲ್ ಮುಗಿಸಿ, ಬೆಟ್ಟದ ಊರಿನ ಬಂಕಿನಲ್ಲೇ ಚಳಿಗಾಲದ ಡೀಸೆಲ್ ತುಂಬಿಸಿಕೊಳ್ಳಿ. ಮೂರನೆಯದು ಮಸಿ. ರಾತ್ರಿಯಿಡೀ ಸಣ್ಣ ಉರಿಯಲ್ಲೇ ಬಿಟ್ಟರೆ ಉರಿಯುವ ಕೋಣೆಯಲ್ಲಿ ಇಂಗಾಲ ಕಟ್ಟುತ್ತದೆ. ದಿನಕ್ಕೊಮ್ಮೆ 20–30 ನಿಮಿಷ ಪೂರ್ತಿ ಉರಿಯಲ್ಲಿ ಓಡಿಸಿದರೆ ಅದು ಸುಟ್ಟುಹೋಗುತ್ತದೆ.

ಲೆಕ್ಕವನ್ನೂ ಇಟ್ಟುಕೊಳ್ಳಿ. 14 ಗಂಟೆಯ ರಾತ್ರಿಗೆ 2–3 ಲೀಟರ್ ಡೀಸೆಲ್, 20–30 ಆಂಪಿಯರ್-ಅವರ್ ವಿದ್ಯುತ್ ಬೇಕು. ದೀಪ, ಫೋನು ಸೇರಿದರೆ ನಿಮ್ಮ ಬ್ಯಾಟರಿ ಎರಡು ರಾತ್ರಿಗೆ ಧೈರ್ಯವಾಗಿ ಬರುತ್ತದೆ, ಮೂರನೆಯದಕ್ಕೆ ನಂಬಬೇಡಿ. ಫೆಬ್ರವರಿಯ ತಗ್ಗು ಸೂರ್ಯನ ಕೆಳಗೆ, ಹಿಮ ಹೊದ್ದ ಸೋಲಾರ್ ಪ್ಯಾನೆಲನ್ನು ಈ ಲೆಕ್ಕಕ್ಕೆ ಸೇರಿಸಲೇಬೇಡಿ.

ಪ್ರಶ್ನೆ: ಬೆಳಿಗ್ಗೆ ಎದ್ದರೆ ಗೋಡೆಯೆಲ್ಲ ನೀರು, ಹಾಸಿಗೆಯ ತಳ ಒದ್ದೆ. ವ್ಯಾನ್ ಸೋರುತ್ತಿದೆಯೇ? (ಸರ್ರೆ, ಬ್ರಿಟಿಷ್ ಕೊಲಂಬಿಯಾ)

ಉತ್ತರ: ಸೋರುತ್ತಿಲ್ಲ, ಅದು ನಿಮ್ಮದೇ ಉಸಿರು. ಅದರ ಜೊತೆಗೆ ಅನ್ನ, ಸಾರಿನ ಹಬೆ ಮತ್ತು ಒದ್ದೆ ಬೂಟು. ಪ್ರೊಪೇನ್ ಒಲೆಯ ಕೊಡುಗೆಯನ್ನು ಹಲವರು ಮರೆಯುತ್ತಾರೆ: 1 ಕಿಲೋ ಪ್ರೊಪೇನ್ ಉರಿದರೆ ಸುಮಾರು 1.6 ಕಿಲೋ ನೀರಾವಿ ಹುಟ್ಟುತ್ತದೆ. ಡೀಸೆಲ್ ಹೀಟರಿನ ಹೊಗೆ ಹೊರಗೆ ಹೋಗುವುದರಿಂದ ಅದರ ಗಾಳಿ ಒಣಗಾಳಿ.

ಮೇಲಿನ ಫ್ಯಾನ್ ಒಂದೆರಡು ಬೆರಳಿನಷ್ಟು ತೆರೆದಿರಲಿ, ಎದುರು ಬದಿಯ ಕಿಟಕಿಯೂ ಅಷ್ಟೇ. ಸ್ವಲ್ಪ ಬಿಸಿ ಹೋಗುತ್ತದೆ, ಹೋಗಲಿ. ಹಾಸಿಗೆಯ ಕೆಳಗೆ ಗಾಳಿಯಾಡಲು ಮರದ ಪಟ್ಟಿಗಳನ್ನು ಜೋಡಿಸಿ, ಹಲಗೆಯ ಮೇಲೆ ನೇರ ಹಾಸಬೇಡಿ. ಕುಕ್ಕರ್ ಕೂಗಿಸುವುದಿದ್ದರೆ ವ್ಯಾನಿನ ಹೊರಗೆ ಕೂಗಿಸಿ. ಒಳಗಿನ ಅಡುಗೆಗೆ ಬಿಸಿನೀರು ಸುರಿದರೆ ಸಾಕಾಗುವ ಅವಲಕ್ಕಿ, ಮನೆಯಿಂದಲೇ ಹುರಿದು ತಂದ ಉಪ್ಪಿಟ್ಟಿನ ರವೆ, ಚಪಾತಿ ಒಳ್ಳೆಯದು. ಸಣ್ಣ ಒಲೆಗೆ ಬರೀ ಬ್ಯುಟೇನ್ ಡಬ್ಬಿ ತರಬೇಡಿ. ಬ್ಯುಟೇನ್ ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೇ ಆವಿಯಾಗುವುದನ್ನು ನಿಲ್ಲಿಸುತ್ತದೆ, ಪ್ರೊಪೇನ್ ಮೈನಸ್ 42ರವರೆಗೂ ಆವಿಯಾಗುತ್ತದೆ.

ನೀರನ್ನು ಕ್ಯಾನಿನಲ್ಲಿ ತುಂಬಿ ಒಳಗಿಡಿ. ಪಾತ್ರೆ ತೊಳೆದ ನೀರು ಬಕೆಟ್ಟಿಗೆ ಬೀಳಲಿ. ವ್ಯಾನಿನ ಅಡಿಯ ಟ್ಯಾಂಕಿನಲ್ಲಿ ನಿಂತರೆ ವಾಲ್ವೇ ಹೆಪ್ಪುಗಟ್ಟುತ್ತದೆ.

ಪ್ರಶ್ನೆ: ಮಗ, ಸೊಸೆ ವ್ಯಾಂಕೂವರಿನಲ್ಲಿದ್ದಾರೆ. ಹಿಮದ ಬೆಟ್ಟದಲ್ಲಿ ವ್ಯಾನಿನೊಳಗೇ ಮಲಗುತ್ತಾರಂತೆ. ಹೀಟರ್ ಕೈಕೊಟ್ಟರೆ ಗ್ಯಾಸ್ ಒಲೆ ಹಚ್ಚಿಟ್ಟುಕೊಳ್ಳುತ್ತೇವೆ ಎಂದರು. ಇದು ಸರಿಯೇ? (ಮೈಸೂರು)

ಉತ್ತರ: ಖಂಡಿತ ಬೇಡ. ಇವತ್ತೇ ಫೋನ್ ಮಾಡಿ ಹೇಳಿ. ಮಲೆನಾಡಿನ ಚಳಿಗೆ ಕೋಣೆಯೊಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಮುಚ್ಚಿ ಮಲಗಿದರೆ ಯಾವ ಅಪಾಯವೋ ಅದೇ ಅಪಾಯ ಇದರಲ್ಲೂ ಇದೆ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲಿರುವವರನ್ನು ಎಬ್ಬಿಸುವುದೂ ಇಲ್ಲ. ಮಲಗಿದಾಗ ತಲೆ ಇರುವ ಎತ್ತರದಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಬೇಕು. ಸೋರಿದ ಗ್ಯಾಸಿನ ಅಲಾರಂ ಬೇರೆಯೇ, ಅದು ನೆಲದ ಹತ್ತಿರ, ಏಕೆಂದರೆ ಪ್ರೊಪೇನ್ ಗಾಳಿಗಿಂತ ಭಾರ. ಹಿಮ ಸುರಿಯುವ ರಾತ್ರಿ ಹೀಟರಿನ ಹೊಗೆ ಕೊಳವೆಯ ಬಾಯಿ ಮುಚ್ಚಿಹೋಗುತ್ತದೆ. ಮಲಗುವ ಮುನ್ನ ಒಮ್ಮೆ, ನಡುರಾತ್ರಿ ಒಮ್ಮೆ ಸಲಿಕೆ ಹಿಡಿದು ಅದನ್ನು ಬಿಡಿಸಬೇಕು. ಹೀಟರ್ ಕೈಕೊಟ್ಟರೆ ಮೈನಸ್ 20ಕ್ಕೆ ಆಗುವ ಸ್ಲೀಪಿಂಗ್ ಬ್ಯಾಗು, ಅದರೊಳಗೆ ಬಿಸಿನೀರಿನ ಬಾಟಲಿ ಸಾಕು. ಇವೆರಡೂ ಅವರ ಬಳಿ ಇವೆಯೇ ಎಂದು ಕೇಳಿ.

ಪ್ರಶ್ನೆ: ರಾಜರ್ಸ್ ಪಾಸಿನಲ್ಲಿ ಸ್ಕೀ ಮಾಡಲು ಅನುಮತಿ ಬೇಕಂತೆ. ಫಿರಂಗಿ ಹಾರಿಸುತ್ತಾರೆ ಎನ್ನುವುದು ನಿಜವೇ? (ಸಿಯಾಟಲ್)

ಉತ್ತರ: ನಿಜ. 1962ರಲ್ಲಿ ತೆರೆದ ಟ್ರಾನ್ಸ್-ಕೆನಡಾ ಹೆದ್ದಾರಿ ಇಲ್ಲಿ ಸುಮಾರು 1,330 ಮೀಟರ್ ಎತ್ತರದಲ್ಲಿ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದ ಮೂಲಕ ಸಾಗುತ್ತದೆ, ಎರಡೂ ಬದಿ ಹಿಮಕುಸಿತದ ಹಾದಿಗಳು. 1910ರ ಮಾರ್ಚಿನಲ್ಲಿ ರೈಲು ಹಳಿಯ ಹಿಮ ತೆಗೆಯುತ್ತಿದ್ದ 58 ಕೆಲಸಗಾರರು ಇಲ್ಲೇ ಹಿಮಕುಸಿತಕ್ಕೆ ಬಲಿಯಾದರು. ಈಗ ಕೆನಡಾದ ಸೈನಿಕರು 105 ಮಿಲಿಮೀಟರ್ ಹೊವಿಟ್ಜರ್ ಫಿರಂಗಿಯಿಂದ ಗುಂಡು ಹಾರಿಸಿ, ಹಿಮ ತುಂಬ ಶೇಖರವಾಗುವ ಮೊದಲೇ ಕೆಡವುತ್ತಾರೆ. ಗುಂಡಿಗೆ ಗುರಿಯಾಗುವ ಇಳಿಜಾರಿನಲ್ಲಿ ಮನುಷ್ಯರು ಇರಬಾರದು ಎಂಬುದಕ್ಕೇ ಅನುಮತಿ ಪದ್ಧತಿ.

ಪ್ರದೇಶಗಳನ್ನು ಮೂರಾಗಿ ವಿಂಗಡಿಸಿದ್ದಾರೆ: ಯಾವಾಗಲೂ ನಿಷಿದ್ಧವಾದವು, ಚಳಿಗಾಲದ ಅನುಮತಿ ಇದ್ದು ಆ ದಿನ ತೆರೆದಿದ್ದರೆ ಮಾತ್ರ ಹೋಗಬಹುದಾದವು, ಅನುಮತಿ ಬೇಡದವು. ಎಲ್ಲಿಗೆ ಹೋದರೂ ರಾಷ್ಟ್ರೀಯ ಉದ್ಯಾನದ ಪ್ರವೇಶ ಪಾಸ್ ಬೇರೆಯಾಗಿ ಬೇಕು. ವಾರ್ಷಿಕ ಅನುಮತಿಗೆ ಆನ್‌ಲೈನ್ ಪ್ರಶ್ನಾವಳಿಯಲ್ಲಿ ಉತ್ತೀರ್ಣರಾಗಬೇಕು. ಇದನ್ನು ಮನೆಯಲ್ಲೇ ಮುಗಿಸಿ ಹೊರಡಿ. ನಿನ್ನೆ ತೆರೆದಿದ್ದ ಕಣಿವೆ ಇವತ್ತು ಮುಚ್ಚಿರುತ್ತದೆ, ಆದ್ದರಿಂದ ಪ್ರತಿ ಬೆಳಿಗ್ಗೆ ಅಂದು ತೆರೆದಿರುವ ಪ್ರದೇಶಗಳ ಪಟ್ಟಿ ನೋಡಲೇಬೇಕು. ಒಬ್ಬರು ಮುಚ್ಚಿದ ಜಾಗಕ್ಕೆ ನುಗ್ಗಿದರೂ ಫಿರಂಗಿ ಕೆಲಸ ನಿಲ್ಲುತ್ತದೆ, ಹೆದ್ದಾರಿಯಲ್ಲಿ ಸಾಲುಗಟ್ಟಿದ ಲಾರಿಗಳೆಲ್ಲ ಕಾಯಬೇಕಾಗುತ್ತದೆ. ಬೆಟ್ಟದಲ್ಲಿ ಸಿಡಿಯದ ಗುಂಡು ಕಂಡರೆ ಮುಟ್ಟಬೇಡಿ, ಜಾಗ ಗುರುತಿಸಿಕೊಂಡು ಸಿಬ್ಬಂದಿಗೆ ತಿಳಿಸಿ.

ರಾತ್ರಿ ವ್ಯಾನ್ ಎಲ್ಲಿ ನಿಲ್ಲಿಸಬಹುದು ಎಂದು ಅಲ್ಲಿನ ಡಿಸ್ಕವರಿ ಸೆಂಟರಿನಲ್ಲಿ (ಉದ್ಯಾನದ ಮಾಹಿತಿ ಕೇಂದ್ರ) ಕೇಳಿ. ರಸ್ತೆ ಬದಿಯ ಖಾಲಿ ಜಾಗ ಎಷ್ಟು ಚೆನ್ನಾಗಿ ಕಂಡರೂ ಮಲಗಬೇಡಿ, ಅದು ಹಿಮಕುಸಿತ ಬಂದು ನಿಲ್ಲುವ ಜಾಗವೇ ಆಗಿರಬಹುದು. ಗೋಲ್ಡನ್‌ನಿಂದ ರೆವೆಲ್‌ಸ್ಟೋಕ್‌ವರೆಗಿನ ಸುಮಾರು 150 ಕಿಲೋಮೀಟರಿನ ಬಹುಭಾಗದಲ್ಲಿ ಮೊಬೈಲ್ ಸಿಗ್ನಲ್ ಇಲ್ಲ, ರಸ್ತೆ ಗಂಟೆಗಟ್ಟಲೆ ಮುಚ್ಚುವುದೂ ಉಂಟು. ಎರಡು ಊರುಗಳಲ್ಲಿ ಒಂದರಲ್ಲಿ ಟ್ಯಾಂಕ್ ಪೂರ್ತಿ ತುಂಬಿಸಿಯೇ ಘಟ್ಟ ಹತ್ತಿ.

ಪ್ರಶ್ನೆ: ಬಾಡಿಗೆ ವ್ಯಾನಿಗೆ ಆಲ್-ಸೀಸನ್ ಟೈರ್ ಇದೆ. ಚೈನ್ ಇದ್ದರೆ ಸಾಲದೇ? (ಎಡ್ಮಂಟನ್)

ಉತ್ತರ: ಸಾಲದು. ಬ್ರಿಟಿಷ್ ಕೊಲಂಬಿಯಾದ ಬೆಟ್ಟದ ಹೆದ್ದಾರಿಗಳಲ್ಲಿ ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ ಚಳಿಗಾಲದ ಟೈರ್ ಕಡ್ಡಾಯ, ಟೈರಿನ ಗೀರು ಕನಿಷ್ಠ 3.5 ಮಿಲಿಮೀಟರ್ ಆಳ ಉಳಿದಿರಬೇಕು. ಎಂ+ಎಸ್ (ಕೆಸರು ಮತ್ತು ಹಿಮ) ಎಂದು ಬರೆದ ಟೈರನ್ನು ಕಾನೂನು ಒಪ್ಪುತ್ತದೆ. ಆದರೆ ತುಂಬಿದ ವ್ಯಾನಿನ ಭಾರಕ್ಕೆ ಬೆಟ್ಟದ ಗುರುತಿನೊಳಗೆ ಹಿಮಹರಳಿನ ಚಿತ್ರ ಒತ್ತಿರುವ ಟೈರನ್ನೇ ಕೇಳಿ ಪಡೆಯಿರಿ. ಚೈನ್ ಹಾಕುವುದು ಎಂಜಿನ್ ತಿರುಗಿಸುವ ಚಕ್ರಗಳಿಗೆ. ಹಾಕಿ ಸ್ವಲ್ಪ ದೂರ ಹೋದ ಮೇಲೆ ಇಳಿದು ಮತ್ತೆ ಬಿಗಿಗೊಳಿಸಿ, 50 ಕಿಲೋಮೀಟರ್ ವೇಗ ಮೀರಬೇಡಿ. ರಾತ್ರಿ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆದರೆ ಒದ್ದೆ ಕೇಬಲ್ ಹೆಪ್ಪುಗಟ್ಟಿ ಬೆಳಿಗ್ಗೆ ಬಿಡುವುದಿಲ್ಲ. ಸಮತಟ್ಟಾದ ಜಾಗದಲ್ಲಿ ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಅಡ್ಡಕಟ್ಟೆ ಇಡಿ.

ಪ್ರಶ್ನೆ: ನಮಗೆ ಇರುವುದು ಏಳು ದಿನ ರಜೆ. ಬೀಕನ್ (ಹಿಮದಲ್ಲಿ ಹೂತವರನ್ನು ಹುಡುಕುವ ರೇಡಿಯೋ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ನೋಡುವ ಉದ್ದ ಕೋಲು), ಸಲಿಕೆ ಕೊಂಡಿದ್ದೇವೆ. ಅಪಾಯದ ಮಟ್ಟ 3 ಇದ್ದರೂ ಹೋಗಬಹುದೇ? (ವ್ಯಾಂಕೂವರ್)

ಉತ್ತರ: ಹಿಮಕುಸಿತದ ಅಪಾಯದ ಅಳತೆ 1ರಿಂದ 5ರವರೆಗೆ. 3 ನಡುವಿನ ಅಂಕೆಯಾದ್ದರಿಂದ ಅಪಾಯವೂ ನಡುಮಟ್ಟದ್ದು ಎಂದುಕೊಳ್ಳುವುದೇ ತಪ್ಪು. ಸಾವುಗಳಲ್ಲಿ ದೊಡ್ಡ ಪಾಲು ನಡೆಯುವುದು ಮಟ್ಟ 3ರ ದಿನಗಳಲ್ಲೇ: ಹಿಮ ಮನುಷ್ಯನ ತೂಕಕ್ಕೇ ಕುಸಿಯುವಷ್ಟು ಸಡಿಲ, ಜನ ಹಿಂದೆ ಸರಿಯುವಷ್ಟು ಭಯ ಹುಟ್ಟಿಸದು.

ಅಂಕೆಗಿಂತ ಮುಖ್ಯ ಮುನ್ಸೂಚನೆಯ ಕೆಳಗಿನ ವಿವರಣೆ. ರಾಜರ್ಸ್ ಪಾಸ್ ಇರುವ ಕೊಲಂಬಿಯಾ ಬೆಟ್ಟಗಳಲ್ಲಿ ಆಗಾಗ ಕಾಡುವುದು ಹೂತುಹೋದ ಹಿಮಗರಿ. ನಮ್ಮಲ್ಲಿ ಇಬ್ಬನಿ ಬೀಳುವಂಥ ತಿಳಿಯಾದ, ಗಾಳಿಯಿಲ್ಲದ ರಾತ್ರಿಗಳಲ್ಲಿ ಅಲ್ಲಿ ಹಿಮದ ಮೇಲೆ ಗರಿಯಂಥ ಹರಳು ಬೆಳೆಯುತ್ತದೆ. ಅದರ ಮೇಲೆ ಹೊಸ ಹಿಮ ಬಿದ್ದರೆ ಆ ಗರಿಗಳ ಪದರ ವಾರಗಟ್ಟಲೆ ಬಲಹೀನವಾಗಿಯೇ ಉಳಿಯುತ್ತದೆ. ಮುನ್ಸೂಚನೆಯಲ್ಲಿ ಅದರ ಹೆಸರಿದ್ದರೆ, ಕಾಲಡಿ ಧೊಪ್ಪೆಂದು ಕುಸಿದ ಸದ್ದು ಕೇಳಿದರೆ, ಸ್ಕೀ ತುದಿಯಿಂದ ಬಿರುಕು ಓಡಿದರೆ, ಆ ದಿನ 30 ಡಿಗ್ರಿಗಿಂತ ಕಡಿದಾದ ಇಳಿಜಾರು ಬೇಡ. ಹಲಗೆಯಂತೆ ಜಾರುವ ಕುಸಿತಗಳು ಬಹುಪಾಲು 30ರಿಂದ 45 ಡಿಗ್ರಿಯಲ್ಲೇ ಹುಟ್ಟುತ್ತವೆ. ನೀವು 25 ಡಿಗ್ರಿಯಲ್ಲಿದ್ದು ತಲೆಯ ಮೇಲೆ 38 ಡಿಗ್ರಿಯ ಇಳಿಜಾರಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ.

ಉಪಕರಣ ಕೊಂಡದ್ದು ಸರಿ, ಆದರೆ ಅಭ್ಯಾಸವಿಲ್ಲದಿದ್ದರೆ ಬ್ಯಾಗಿನ ಭಾರ ಅಷ್ಟೇ. ಬೀಕನ್‌ಗಳು 457 ಕಿಲೋಹರ್ಟ್ಸ್‌ನಲ್ಲಿ ಮಾತಾಡುತ್ತವೆ, ಫೋನು ಅದನ್ನು ಕೆಡಿಸುತ್ತದೆ. ನಡೆಯುವಾಗ ಫೋನು, ಕ್ಯಾಮೆರಾ 20 ಸೆಂಟಿಮೀಟರ್ ದೂರ, ಹುಡುಕುವಾಗ 50 ಸೆಂಟಿಮೀಟರ್ ದೂರ ಇರಲಿ. ಪ್ರೋಬ್ ತಾಗಿದ ಮೇಲೆ ಅದನ್ನು ಕೀಳದೆ, ಹೂತ ಆಳದ ಒಂದೂವರೆ ಪಟ್ಟು ದೂರ ಇಳಿಜಾರಿನ ಕೆಳಬದಿಗೆ ಹೋಗಿ ಅಲ್ಲಿಂದ ಒಳಕ್ಕೆ ಅಗೆಯಿರಿ. ನೇರ ಮೇಲಿನಿಂದ ಅಗೆದರೆ ಹೂತವರ ಮೇಲೆಯೇ ನಿಂತಂತಾಗುತ್ತದೆ. ಹತ್ತು ನಿಮಿಷ ದಾಟಿದಂತೆ ಬದುಕುವ ಅವಕಾಶ ಬೇಗ ಬೇಗ ಇಳಿಯುತ್ತದೆ, ಹೊರಗಿನ ನೆರವು ಅಷ್ಟರಲ್ಲಿ ಬರುವುದಿಲ್ಲ. ಹೊರಡುವ ಮೊದಲು ಎರಡು ದಿನದ ಎಎಸ್‌ಟಿ 1 (ಹಿಮಕುಸಿತ ಕೌಶಲದ ಮೊದಲ ಹಂತ) ತರಬೇತಿ ಮುಗಿಸಿ.

ಏಳು ದಿನಕ್ಕೆ ಒಂದೇ ಶಿಖರ ಗುರಿಯಿಟ್ಟರೆ ರಜೆಯೇ ನಿಮ್ಮನ್ನು ಅಪಾಯಕ್ಕೆ ತಳ್ಳುತ್ತದೆ. ವ್ಯಾನಿನ ನಿಜವಾದ ಲಾಭ ಇಲ್ಲಿದೆ: ಹೋಟೆಲ್ ಬುಕಿಂಗ್ ಕಾಯುತ್ತಿಲ್ಲ, ಹಿಮ ಸರಿಯಿಲ್ಲದಿದ್ದರೆ ಊರು ಬದಲಿಸಬಹುದು. ರಾಜರ್ಸ್ ಪಾಸ್, ಹೆದ್ದಾರಿ 3ರ 1,775 ಮೀಟರ್ ಎತ್ತರದ ಕೂಟನೇ ಪಾಸ್, ಐಸ್‌ಫೀಲ್ಡ್ಸ್ ಪಾರ್ಕ್‌ವೇಯ ಬೋ ಸಮ್ಮಿಟ್, ಮೂರರ ಹಿಮವೂ ಬೇರೆ ಬೇರೆ ಗುಣದ್ದು. ಮೂರರ ನಕ್ಷೆಯೂ ಜೊತೆಗಿರಲಿ. ಭಾರಿ ಹಿಮ ಸುರಿದ ನಂತರದ ಒಂದೆರಡು ದಿನ ಕಣಿವೆಯ ಊರಲ್ಲಿ ನಿಂತು ಬೂಟಿನ ಒಳಪದರ ಬಿಚ್ಚಿ ಒಣಗಿಸಿ, ಹತ್ತುವಾಗ ಜಾರದಂತೆ ಸ್ಕೀ ಅಡಿಗೆ ಅಂಟಿಸುವ ಸ್ಕಿನ್‌ಗಳನ್ನು ಹೀಟರಿನಿಂದ ದೂರ ತೂಗುಹಾಕಿ. ನೇರ ಬಿಸಿ ತಾಗಿದರೆ ಅಂಟು ಕರಗಿ, ಮರುದಿನದ ಹತ್ತುವಿಕೆಯ ನಡುವೆ ಕಳಚಿ ಬೀಳುತ್ತದೆ.